ಕಲ್ಲು ಗಟ್ಟಿ, ಗೋಡೆ ಗಟ್ಟಿಯೆ?

ಮನೆ ಕಟ್ಟಲು ಹೊರಟವರು ಬಾಗಿಲಿನ ದಿಕ್ಕು ಕೇಳುತ್ತಾರೆ, ಆಯ ಕೇಳುತ್ತಾರೆ, ಸಿಮೆಂಟಿನ ದರ ವಿಚಾರಿಸುತ್ತಾರೆ. ಬಸವಕಲ್ಯಾಣ, ಹುಮನಾಬಾದ ಕಡೆಯವರು ಇವುಗಳ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಿಕೊಳ್ಳಬೇಕು: ಬುನಾದಿಯ ಕೆಳಗೆ ಎಂಥ ಮಣ್ಣಿದೆ? ಗೋಡೆಯೊಳಗಿನ ಕಲ್ಲುಗಳು ಒಂದನ್ನೊಂದು ಹಿಡಿದಿವೆಯೆ? ಎರಡನೆಯ ಪ್ರಶ್ನೆಯನ್ನು ಕೇಳದೇ ಇದ್ದುದಕ್ಕೆ ನೆರೆಯ ಊರುಗಳು ತೆತ್ತ ಬೆಲೆ ಬಹಳ ದೊಡ್ಡದು.

1993ರ ಸೆಪ್ಟೆಂಬರ್ 30. ಹಿಂದಿನ ದಿನ ಗಣಪತಿ ವಿಸರ್ಜನೆ ಮುಗಿಸಿ ಜನ ಮಲಗಿದ್ದರು. ನಸುಕಿನ 3 ಗಂಟೆ 56 ನಿಮಿಷಕ್ಕೆ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿ ಸುತ್ತ ಭೂಮಿ ನಡುಗಿತು. ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತರು. ನೇರ ಅಂತರ ಲೆಕ್ಕ ಹಾಕಿದರೆ ಕಿಲ್ಲಾರಿ ಬಸವಕಲ್ಯಾಣದಿಂದ 50 ಕಿ.ಮೀ. ಒಳಗೇ ಇದೆ. ಆ ಭಾಗ ಅಲ್ಲಿಯವರೆಗೆ ಭೂಕಂಪ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿತ್ತು. 2002ರ ಪರಿಷ್ಕರಣೆಯಲ್ಲಿ ಆ ವಲಯವನ್ನೇ ತೆಗೆದುಹಾಕಲಾಯಿತು.

ಕಂಪನದ ಪ್ರಮಾಣ ಸುಮಾರು 6.2. ಜಗತ್ತಿನ ದೊಡ್ಡ ಭೂಕಂಪಗಳ ಸಾಲಿಗೆ ಸೇರುವಂಥದ್ದಲ್ಲ. ಆದರೂ ಇಷ್ಟು ಜನ ಸತ್ತದ್ದೇಕೆ? ಉತ್ತರ ಇರುವುದು ಮನೆಗಳಲ್ಲಿ. ನಮ್ಮ ಕಡೆಯ ಹಳೆಯ ಮನೆಗಳಂತೆ ಅಲ್ಲಿಯೂ ಎರಡಡಿಗೂ ದಪ್ಪದ ಕಲ್ಲಿನ ಗೋಡೆ, ಮೇಲೆ ಮಣ್ಣು ಹೇರಿದ ಮಾಳಿಗೆ. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಹೊರಗಿನಿಂದ ನೋಡಿದರೆ ಕೋಟೆಯಂಥ ಗೋಡೆ. ಆದರೆ ಅದು ನಿಜಕ್ಕೂ ಒಂದು ಗೋಡೆಯಲ್ಲ, ಎರಡು. ಒಳಮುಖಕ್ಕೊಂದು ಸಾಲು, ಹೊರಮುಖಕ್ಕೊಂದು ಸಾಲು ಕಲ್ಲು. ನಡುವೆ ಚೂರುಕಲ್ಲು, ಕೆಸರು. ನೆಲ ಅಲುಗಿದಾಗ ಎರಡೂ ಸಾಲು ಬೇರೆ ಬೇರೆಯಾಗಿ ಉಬ್ಬಿ ಒಡೆದವು. ಗೋಡೆಯ ಆಧಾರ ತಪ್ಪಿದಲ್ಲಿ ಮಾಳಿಗೆಯ ಮಣ್ಣೆಲ್ಲ ಮಲಗಿದವರ ಮೇಲೆ ಬಿತ್ತು. ಮಾಳಿಗೆಯನ್ನು ಮರದ ಕಂಬ, ತೊಲೆಗಳು ಹೊತ್ತಿದ್ದ ಎಷ್ಟೋ ಮನೆಗಳಲ್ಲಿ ಗೋಡೆ ಬಿದ್ದರೂ ಚೌಕಟ್ಟು ನಿಂತಿತ್ತು.

ಇದರರ್ಥ ಕಲ್ಲಿನ ಮನೆ ಬೇಡವೆಂದಲ್ಲ. ಕಟ್ಟುವ ಕ್ರಮ ಬದಲಾಗಬೇಕು. ಭಾರತೀಯ ಮಾನಕ ಬ್ಯೂರೋದ ಸೂಚನೆ ಸರಳವಾಗಿದೆ. ಕಲ್ಲಿನ ಗೋಡೆಯ ದಪ್ಪ ಒಂದೂವರೆ ಅಡಿ ಮೀರಬಾರದು. ಪ್ರತಿ ಎರಡಡಿ ಎತ್ತರಕ್ಕೆ, ನಾಲ್ಕಡಿಗೊಂದರಂತೆ, ಗೋಡೆಯ ಎರಡೂ ಮುಖ ಮುಟ್ಟುವ ಉದ್ದಕಲ್ಲು ಕೂಡಿಸಬೇಕು. ಬಾಗಿಲು, ಕಿಟಕಿಗಳ ಮೇಲ್ಮಟ್ಟದಲ್ಲಿ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್ ಪಟ್ಟಿ ಇಡೀ ಮನೆಯನ್ನು ಸುತ್ತಬೇಕು. ಬುಟ್ಟಿಯ ಬಾಯಿಗೆ ಹೆಣೆದ ಅಂಚಿನಂತೆ ಅದು ನಾಲ್ಕೂ ಗೋಡೆಗಳನ್ನು ಒಂದಾಗಿ ಹಿಡಿದಿಡುತ್ತದೆ. ಕಿಟಕಿಗಳನ್ನು ಮೂಲೆಗೆ ಅಂಟಿಸಿ ಇಡಬಾರದು. ಚಾವಣಿ ಹಗುರವಿದ್ದಷ್ಟೂ ಒಳ್ಳೆಯದು.

ಇನ್ನು ಮಣ್ಣಿನ ಮಾತು. ಈ ಸೀಮೆಯಲ್ಲಿ ಎರೆ ನೆಲವೂ ಇದೆ, ಕೆಂಪು ಜಂಬಿಟ್ಟಿಗೆಯ ನೆಲವೂ ಇದೆ. ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಅದರ ಮೇಲೆ ಆಳವಿಲ್ಲದ ಬುನಾದಿ ಹಾಕಿದರೆ ನಾಲ್ಕಾರು ವರ್ಷದಲ್ಲಿ ಗೋಡೆಯೂ ಬಾಯಿ ಬಿಡುತ್ತದೆ. ಎರೆ ದಾಟಿ ಕೆಳಗಿನ ಗರಸು ಇಲ್ಲವೆ ಗಟ್ಟಿ ನೆಲ ಸಿಗುವವರೆಗೆ ತೋಡಿಸುವುದು ಮೊದಲ ದಾರಿ. ಎರೆ ತೀರ ಆಳವಿದ್ದರೆ ಎಂಜಿನಿಯರರನ್ನು ಕೇಳದೆ ಮುಂದುವರಿಯಬಾರದು. ತೋಡಿದ ಎರೆ ಮಣ್ಣನ್ನೇ ಮತ್ತೆ ನೆಲದ ಕೆಳಗೆ ತುಂಬಬಾರದು. ಬಚ್ಚಲ ನೀರು, ಮಳೆ ನೀರು ಬುನಾದಿಯ ಬುಡದಲ್ಲಿ ನಿಲ್ಲಬಾರದು.

ಕಾಂಕ್ರೀಟ್ ಮನೆ ಕಟ್ಟುವವರಿಗೆ ಇದೆಲ್ಲ ಅನ್ವಯಿಸದೆಂದು ತಿಳಿಯುವುದೂ ತಪ್ಪು. ಕಂಬ, ತೊಲೆ ಕೂಡುವಲ್ಲಿ ಸರಳು ಸರಿಯಿಲ್ಲದಿದ್ದರೆ, ಒಂದಂತಸ್ತಿಗೆಂದು ಹಾಕಿದ ಬುನಾದಿಯ ಮೇಲೆ ಎರಡನೆಯದನ್ನು ಏರಿಸಿದರೆ, ಅಲ್ಲಿಯೂ ಅಪಾಯ ತಪ್ಪದು.

ಉದ್ದಕಲ್ಲು, ಕಾಂಕ್ರೀಟ್ ಪಟ್ಟಿಗಳಿಗೆ ತಗಲುವುದು ಒಟ್ಟು ವೆಚ್ಚದ ಸಣ್ಣ ಪಾಲು. ಆದರೆ ಗಿಲಾವು ಬಿದ್ದ ಮೇಲೆ ಅವು ಇವೆಯೋ ಇಲ್ಲವೋ ಯಾರಿಗೂ ಕಾಣದು. ಆದ್ದರಿಂದ ಗೋಡೆ ಏಳುತ್ತಿರುವಾಗಲೇ ಯಜಮಾನರು ದಿನಕ್ಕೊಮ್ಮೆ ಅಲ್ಲಿ ನಿಂತು, ಇಂದು ಉದ್ದಕಲ್ಲು ಎಲ್ಲಿ ಕೂಡಿಸಿದ್ದೀರಿ ಎಂದು ಗೌಂಡಿಯನ್ನು ಕೇಳುವುದು ಒಳಿತು.