ಯಕ್ಷಗಾನದ ಫೋಟೋದಲ್ಲಿ ಮುಖ ಯಾಕೆ ಸುಟ್ಟುಹೋಗುತ್ತದೆ?

ಮಳೆಗಾಲದಲ್ಲಿ ಊರ ಕಡೆಯ ಮೇಳಗಳ ಕಲಾವಿದರು ಮುಂಬಯಿಗೆ ಬಂದು ಆಟ ಆಡುತ್ತಾರಷ್ಟೆ. ಮಾರನೆಯ ದಿನ ನಮ್ಮ ಹುಡುಗರು ತೆಗೆದ ಫೋಟೋಗಳನ್ನು ನೋಡಬೇಕು! ಹಿಂದಿನ ಕಪ್ಪು ಪರದೆ ಬೂದಿ ಬಳಿದಂತೆ, ಬಣ್ಣದ ವೇಷದ ಮುಖ ಬರೀ ಬಿಳಿ ತಟ್ಟೆ. ಕಲಾವಿದರು ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಅಕ್ಕಿಹಿಟ್ಟು, ಸುಣ್ಣ ಕಲಸಿ ಒಂದೊಂದಾಗಿ ಇಟ್ಟ ಚುಟ್ಟಿಯೆಲ್ಲ ಮಾಯ. "ಕ್ಯಾಮೆರಾ ಸರಿಯಿಲ್ಲ ಮಾರಾಯ" ಅನ್ನುತ್ತಾರೆ. ಕ್ಯಾಮೆರಾ ಸರಿಯಾಗಿಯೇ ಇದೆ. ತನಗೆ ಗೊತ್ತಿರುವ ಒಂದೇ ಲೆಕ್ಕವನ್ನು ಅದು ಮಾಡಿದೆ, ಅಷ್ಟೆ.

ಆ ಲೆಕ್ಕ ಏನೆಂದರೆ, ಎದುರಿಗಿರುವುದು ಏನೇ ಆಗಲಿ, ಅದರ ಸರಾಸರಿ ನಡುಬೂದು ಬಣ್ಣ ಎಂದು ಮೀಟರು ನಂಬುತ್ತದೆ. ಬಿದ್ದ ಬೆಳಕಿನಲ್ಲಿ ಸುಮಾರು 18 ಪರ್ಸೆಂಟ್ ಹಿಂದಿರುಗಿಸುವ ಬೂದು ಎಂದು ಫೋಟೋಗ್ರಾಫರುಗಳು ರೂಢಿಯಲ್ಲಿ ಹೇಳುತ್ತಾರೆ. ಚೌಕಟ್ಟಿನ ಮುಕ್ಕಾಲು ಪಾಲು ಕಪ್ಪು ಪರದೆಯಾದರೆ, "ಅಯ್ಯೋ, ಕತ್ತಲು!" ಎಂದು ಬೆಳಕನ್ನು ಏರಿಸಿಬಿಡುತ್ತದೆ. ಪರದೆ ಬೂದಾಗುತ್ತದೆ, ಮುಖ ಸುಡುತ್ತದೆ. ಚೌಪಾಟಿಯ ಮೇಲಿನ ಹುಣ್ಣಿಮೆ ಚಂದ್ರ ಫೋಟೋದಲ್ಲಿ ಬಿಳಿ ಬೊಟ್ಟಾಗುವುದೂ ಇದರಿಂದಲೇ. ಸಂಜೆ ಸಮುದ್ರಕ್ಕೆ ಬೆನ್ನು ಮಾಡಿ ನಿಂತ ಗೆಳೆಯರ ಮುಖ ಕಪ್ಪಾಗುವುದು ಇದೇ ಲೆಕ್ಕದ ಮತ್ತೊಂದು ತುದಿ.

ಹಿಂದಿನ ನೆಗೆಟಿವ್ ಫಿಲ್ಮು ಬೆಳಕು ಒಂದಿಷ್ಟು ಹೆಚ್ಚಾದರೂ ತಡಕೊಳ್ಳುತ್ತಿತ್ತು. ಡಿಜಿಟಲ್ ಹಾಗಲ್ಲ. ಕಪ್ಪಾದದ್ದನ್ನು ಆಮೇಲೆ ಸ್ವಲ್ಪ ಎತ್ತಬಹುದು. ಪೂರ್ತಿ ಬಿಳಿಯಾದ ಕಡೆ ಎತ್ತುವುದಕ್ಕೆ ಏನೂ ಉಳಿದಿರುವುದಿಲ್ಲ. ಆ ರಾತ್ರಿಯ ವೇಷ ಮತ್ತೆ ಸಿಗುವುದೂ ಇಲ್ಲ.

ಮೀಟರಿಗೆ "ಅಲ್ಲಿ ನೋಡಬೇಡ, ಇಲ್ಲಿ ನೋಡು" ಎಂದು ಹೇಳುವ ಸಾಧನವೇ ಎಕ್ಸ್‌ಪೋಷರ್ ಲಾಕ್. ನಿಕಾನ್ ಕ್ಯಾಮೆರಾಗಳಲ್ಲಿ ಎ.ಇ.-ಎಲ್. ಎಂದು ಬರೆದ ಗುಂಡಿ, ಕೆನಾನಿನಲ್ಲಿ ನಕ್ಷತ್ರದ ಗುರುತು. ಮೀಟರನ್ನು ಸ್ಪಾಟಿಗೆ ತಿರುಗಿಸಿ, ಝೂಮ್ ಮಾಡಿ ನಡುವಿನ ಚುಕ್ಕೆಯನ್ನು ಮುಖದ ಮೇಲಿಟ್ಟು ಗುಂಡಿ ಒತ್ತಿ. ಅಳತೆ ಕಟ್ಟಿಬಿತ್ತು. ಈಗ ಚೌಕಟ್ಟನ್ನು ಬೇಕಾದ ಹಾಗೆ ಹೊಂದಿಸಿಕೊಂಡು ಕ್ಲಿಕ್ ಮಾಡಿ. ಷಟರ್ ಗುಂಡಿಯನ್ನು ಅರ್ಧ ಒತ್ತಿದರೆ ಕೆಲವು ಕ್ಯಾಮೆರಾಗಳಲ್ಲಿ ಬೆಳಕು, ಫೋಕಸ್ ಎರಡೂ ನಿಲ್ಲುತ್ತವೆ, ಕೆಲವದರಲ್ಲಿ ಫೋಕಸ್ ಮಾತ್ರ. ನಿಮ್ಮದು ಯಾವ ಜಾತಿ ಎಂದು ಮನೆಯಲ್ಲೇ ನೋಡಿಟ್ಟುಕೊಳ್ಳಿ.

ಆದರೆ ಮುಖವನ್ನು ತೋರಿಸಿದರೂ ಮೀಟರು ಅದನ್ನು ಬೂದು ಮಾಡಲು ಹೊರಡುತ್ತದೆ ಎಂಬುದನ್ನು ಮರೆಯಬಾರದು. ಬಿಳಿ ಚುಟ್ಟಿಯ ಮೇಲೆ ಅಳತೆ ಹಿಡಿದರೆ ಚುಟ್ಟಿ ಮಂಕಾಗುತ್ತದೆ. ಆಗ ಒಂದೂವರೆ ಸ್ಟಾಪು ಕೂಡಿಸಬೇಕು. (ಒಂದು ಸ್ಟಾಪು ಅಂದರೆ ಬೆಳಕು ಇಮ್ಮಡಿ.) ಹೊರಗಡೆ ಬಿಸಿಲಲ್ಲಾದರೆ ಸ್ವಂತ ಅಂಗೈಯನ್ನೇ ಅಳೆದು ಒಂದು ಸ್ಟಾಪು ಕೂಡಿಸುವುದು ಹಳಬರ ಉಪಾಯ. ಆಟದಲ್ಲಿ ಅದು ನಡೆಯದು. ಬೆಳಕೆಲ್ಲ ವೇಷದ ಮೇಲೆ, ನಮ್ಮ ಅಂಗೈ ಇರುವುದು ಕತ್ತಲೆಯ ಕುರ್ಚಿಯಲ್ಲಿ!

ಲಾಕಿನ ತೊಂದರೆ ಎಂದರೆ ಗುಂಡಿ ಬಿಟ್ಟ ಮೇಲೆ, ಅಥವಾ ಕೆಲವು ಕ್ಷಣ ಕಳೆದ ಮೇಲೆ ಅದು ಬಿಚ್ಚಿಕೊಳ್ಳುತ್ತದೆ. ಒಂದೆರಡು ಚಿತ್ರಕ್ಕೆ ಸಾಕು, ಮೂರು ಗಂಟೆಯ ಆಟಕ್ಕೆ ಯಾರು ಒತ್ತುತ್ತಾ ಕೂತಾರು? ರಂಗದ ದೀಪಗಳು ಬದಲಾಗದಿದ್ದರೆ ಮ್ಯಾನ್ಯುಯಲ್ಲೇ ವಾಸಿ ಎಂದು ನನ್ನ ಅಭಿಪ್ರಾಯ. ಐ.ಎಸ್.ಓ. 3200, ಅಪರ್ಚರ್ 5.6, ಷಟರ್ ಸೆಕೆಂಡಿನ 1/250 ಎಂದು ಶುರುಮಾಡಿ. ಷಟರು ಇದಕ್ಕಿಂತ ನಿಧಾನವಾದರೆ ಧೀಂಗಿಣದಲ್ಲಿ ಕೈಕಾಲು ಕಲಸಿಹೋಗುತ್ತವೆ. 5.6 ಯಾಕೆಂದರೆ, ಕ್ಯಾಮೆರಾದ ಜೊತೆ ಬರುವ 18-55ರ ಲೆನ್ಸನ್ನು ಪೂರ್ತಿ ಝೂಮ್ ಮಾಡಿದಾಗ ಅದಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಒಂದು ಚಿತ್ರ ತೆಗೆದು ಪರದೆಯಲ್ಲಿ ನೋಡಿ. ಅತಿಬೆಳಕಿನ ಎಚ್ಚರಿಕೆ ಮುಖದ ಮೇಲೆ ಮಿಣಮಿಣ ಎಂದರೆ ಐ.ಎಸ್.ಓ.ವನ್ನು 1600ಕ್ಕೆ ಇಳಿಸಿ. ಕಿರೀಟದ ಕನ್ನಡಿ ಚೂರು ಮಿಣುಕಿದರೆ ಮಿಣುಕಲಿ, ಅದಕ್ಕೆ ತಲೆ ಕೆಡಿಸಿಕೊಳ್ಳುವುದು ಬೇಡ.

ಇನ್ನೊಂದು ವಿಷಯ. ಐ.ಎಸ್.ಓ. ಆಟೋದಲ್ಲೇ ಉಳಿದಿದ್ದರೆ ಮ್ಯಾನ್ಯುಯಲ್ ಎಂಬುದು ಹೆಸರಿಗೆ ಮಾತ್ರ. ಹಿಂಬಾಗಿಲಿನಿಂದ ಅದೇ ಮೀಟರು ಒಳಗೆ ಬಂದು ಕೂತಿರುತ್ತದೆ. ಮೊದಲು ಅದನ್ನು ಆರಿಸಿ. ಫ್ಲಾಶನ್ನೂ ಆರಿಸಿ, ಕಲಾವಿದರ ಕಣ್ಣಿಗೆ ಹೊಡೆಯುವುದು ಮರ್ಯಾದೆಯಲ್ಲ.

ಮಹಿಷಾಸುರನ ಪ್ರವೇಶದಲ್ಲಿ, ಸಭಾಗೃಹದವರು ಒಪ್ಪಿದ್ದರೆ, ದೊಂದಿಗೆ ರಾಳ ಎರಚುತ್ತಾರೆ. ಬೆಂಕಿ ಭಗ್ಗೆಂದ ಕೂಡಲೆ ಆಟೋ ಕ್ಯಾಮೆರಾ ಹೆದರಿ ಬೆಳಕು ಇಳಿಸುತ್ತದೆ, ಮಹಿಷನ ಮುಖ ಕತ್ತಲೆಯಲ್ಲಿ ಮುಳುಗುತ್ತದೆ. ಮ್ಯಾನ್ಯುಯಲ್ಲಿನಲ್ಲಿ ಅಳತೆ ಅಲ್ಲಾಡುವುದಿಲ್ಲ. ಪ್ರವೇಶದ ಚಂಡೆ ಕೇಳಿದ ಕೂಡಲೆ ಷಟರನ್ನು ನೀವೇ 1/500ಕ್ಕೆ ತಿರುಗಿಸಿ ಕಾದಿರಿ, ಜ್ವಾಲೆಯ ಆಕಾರವೂ ಉಳಿಯುತ್ತದೆ.