ಸ್ವಾಲ್ಬಾರ್ಡ್‌ನ ಭೂವಿಜ್ಞಾನ ಮತ್ತು ಖನಿಜ ಸಂಪತ್ತು

ಸ್ವಾಲ್ಬಾರ್ಡ್ ಆರ್ಕ್ಟಿಕ್ ಮಹಾಸಾಗರದಲ್ಲಿರುವ, ನಾರ್ವೆಯ ಸಾರ್ವಭೌಮತ್ವಕ್ಕೆ ಒಳಪಟ್ಟ ದ್ವೀಪಸಮೂಹ. 74° ಮತ್ತು 81° ಉತ್ತರ ಅಕ್ಷಾಂಶಗಳ ನಡುವೆ ಇರುವ ಇದರ ವಿಸ್ತೀರ್ಣ ಸುಮಾರು 61,000 ಚದರ ಕಿ.ಮೀ. ಸ್ಪಿಟ್ಸ್‌ಬರ್ಗನ್ ಇಲ್ಲಿನ ಅತಿ ದೊಡ್ಡ ದ್ವೀಪ. ನೆಲದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಹಿಮನದಿಗಳು ಆವರಿಸಿವೆ. ಉಳಿದೆಡೆ ಮಣ್ಣು ಮತ್ತು ಸಸ್ಯಗಳ ಹೊದಿಕೆ ಬಹಳ ತೆಳುವಾಗಿರುವುದರಿಂದ ಶಿಲಾಪದರಗಳು ಸ್ಪಷ್ಟವಾಗಿ ಕಾಣುತ್ತವೆ. ಇಲ್ಲಿ ಹಲವು ಬಗೆಯ ಖನಿಜಗಳು ಪತ್ತೆಯಾಗಿದ್ದರೂ ದೀರ್ಘಕಾಲ ದೊಡ್ಡ ಪ್ರಮಾಣದಲ್ಲಿ ತೆಗೆಯಲಾದುದು ಕಲ್ಲಿದ್ದಲು ಮಾತ್ರ.

ಶಿಲಾರಚನೆ

ಇಲ್ಲಿನ ಅತಿ ಹಳೆಯ ಶಿಲೆಗಳು 40 ಕೋಟಿ ವರ್ಷಗಳಿಗೂ ಹಿಂದೆ ಕ್ಯಾಲೆಡೋನಿಯನ್ ಪರ್ವತ ನಿರ್ಮಾಣದ ಕಾಲದಲ್ಲಿ ಮಡಿಚಿ ರೂಪಾಂತರ ಹೊಂದಿದವು. ಅನಂತರದ ಡೆವೋನಿಯನ್ ಯುಗದಲ್ಲಿ ನದಿಗಳು ಹೊತ್ತು ತಂದ ಮರಳಿನಿಂದ ಕೆಂಪು ಮರಳುಗಲ್ಲು ಉಂಟಾಯಿತು. ಇದರಲ್ಲಿ ಆದಿಕಾಲದ ಮೀನುಗಳ ಪಳೆಯುಳಿಕೆಗಳಿವೆ. ಆಗ ಈ ಭೂಭಾಗವು ಸಮಭಾಜಕ ವೃತ್ತದ ಸಮೀಪದಲ್ಲಿತ್ತು. ಭೂಫಲಕಗಳ ಚಲನೆಯಿಂದ ಅದು ಕ್ರಮೇಣ ಉತ್ತರಕ್ಕೆ ಸರಿಯಿತು. ಕಾರ್ಬೊನಿಫೆರಸ್ ಮತ್ತು ಪರ್ಮಿಯನ್ ಯುಗಗಳ ಆಳವಿಲ್ಲದ ಸಮುದ್ರಗಳು ಸುಣ್ಣಕಲ್ಲು ಮತ್ತು ಜಿಪ್ಸಂ ನಿಕ್ಷೇಪಗಳನ್ನು ಬಿಟ್ಟುಹೋದವು. ಟ್ರಯಾಸಿಕ್ ಯುಗದ ಪದರಗಳಲ್ಲಿ ಇಕ್ತಿಯೊಸಾರ್ ಎಂಬ ಕಡಲ ಸರೀಸೃಪಗಳ ಅವಶೇಷಗಳೂ, ಕ್ರಿಟೇಶಿಯಸ್ ಯುಗದ ಮರಳುಗಲ್ಲಿನಲ್ಲಿ ಡೈನೊಸಾರ್‌ಗಳ ಹೆಜ್ಜೆಗುರುತುಗಳೂ ದೊರೆತಿವೆ.

ಕಲ್ಲಿದ್ದಲು

ಲಾಂಗ್‌ಇಯರ್‌ಬ್ಯೆನ್ ಪಟ್ಟಣದ ಸುತ್ತಲಿನ ಕಲ್ಲಿದ್ದಲು ಸುಮಾರು 6 ಕೋಟಿ ವರ್ಷಗಳಷ್ಟು ಹಳೆಯದು. ಆ ವೇಳೆಗೆ ಸ್ವಾಲ್ಬಾರ್ಡ್ ಉತ್ತರದ ಉನ್ನತ ಅಕ್ಷಾಂಶಗಳನ್ನು ತಲುಪಿತ್ತು. ಆದರೆ ಭೂಮಿಯ ಹವಾಮಾನ ಇಂದಿಗಿಂತ ಬಹಳ ಬೆಚ್ಚಗಿದ್ದುದರಿಂದ ಚಳಿಗಾಲದ ದೀರ್ಘ ಕತ್ತಲೆಯ ನಡುವೆಯೂ ಇಲ್ಲಿ ಕಾಡುಗಳು ಬೆಳೆದವು. ಅವುಗಳ ಜೌಗುನೆಲದಲ್ಲಿ ಹೂತುಹೋದ ಸಸ್ಯರಾಶಿಯೇ ಈ ಕಲ್ಲಿದ್ದಲು. ಪಿರಮಿಡೆನ್‌ನ ಕಲ್ಲಿದ್ದಲು ಇದಕ್ಕಿಂತ ಬಹಳ ಹಳೆಯದು, ಕಾರ್ಬೊನಿಫೆರಸ್ ಯುಗಕ್ಕೆ ಸೇರಿದುದು.

ಅಮೆರಿಕದ ಉದ್ಯಮಿ ಜಾನ್ ಮನ್ರೊ ಲಾಂಗ್‌ಇಯರ್ 1906ರಲ್ಲಿ ಇಲ್ಲಿ ಗಣಿ ಕಂಪನಿಯನ್ನು ಆರಂಭಿಸಿದನು. ಲಾಂಗ್‌ಇಯರ್‌ಬ್ಯೆನ್ ಪಟ್ಟಣಕ್ಕೆ ಆತನದೇ ಹೆಸರು ಬಂದಿದೆ. 1916ರಲ್ಲಿ ಈ ಗಣಿಗಳು ನಾರ್ವೆಯ 'ಸ್ಟೋರೆ ನೋಶ್ಕೆ' ಕಂಪನಿಯ ಪಾಲಾದವು. 1932ರಲ್ಲಿ ಸೋವಿಯತ್ ಒಕ್ಕೂಟವು ಡಚ್ಚರಿಂದ ಬ್ಯಾರೆಂಟ್ಸ್‌ಬರ್ಗ್ ಗಣಿಯನ್ನು ಕೊಂಡುಕೊಂಡಿತು.

ಸ್ವಾಲ್ಬಾರ್ಡ್ ಒಪ್ಪಂದ

ಮೊದಲು ಯಾವ ದೇಶಕ್ಕೂ ಸೇರದಿದ್ದ ಈ ನೆಲದ ಮೇಲೆ ಗಣಿ ಹಕ್ಕುಗಳ ಪೈಪೋಟಿ ಹೆಚ್ಚಿದಾಗ ಕಾನೂನಿನ ಅಗತ್ಯ ಉಂಟಾಯಿತು. 1920ರ ಫೆಬ್ರವರಿ 9ರಂದು ಪ್ಯಾರಿಸ್‌ನಲ್ಲಿ ಸಹಿಯಾದ ಒಪ್ಪಂದವು ಸಾರ್ವಭೌಮತ್ವವನ್ನು ನಾರ್ವೆಗೆ ನೀಡಿ, ಗಣಿಗಾರಿಕೆ ಮತ್ತು ಮೀನುಗಾರಿಕೆಯಲ್ಲಿ ಸದಸ್ಯ ದೇಶಗಳ ಪ್ರಜೆಗಳೆಲ್ಲರಿಗೂ ಸಮಾನ ಹಕ್ಕು ಒದಗಿಸಿತು. ಒಪ್ಪಂದವು 1925ರಲ್ಲಿ ಜಾರಿಗೆ ಬಂದಿತು. ಬ್ರಿಟಿಷ್ ಆಳ್ವಿಕೆಯಲ್ಲಿದ್ದ ಭಾರತದ ಪರವಾಗಿಯೂ ಇದಕ್ಕೆ ಸಹಿ ಹಾಕಲಾಗಿತ್ತು.

ಇತರ ಖನಿಜಗಳು

ಸೀಸ, ಸತು, ಫಾಸ್ಫೇಟ್ ಮತ್ತು ಜಿಪ್ಸಂ ಹಲವೆಡೆ ಕಂಡುಬಂದಿದ್ದರೂ ಅವುಗಳಿಂದ ಸ್ಥಿರವಾದ ಉದ್ಯಮ ಬೆಳೆಯಲಿಲ್ಲ. ಅರ್ನೆಸ್ಟ್ ಮ್ಯಾನ್ಸ್‌ಫೀಲ್ಡ್ ಎಂಬ ಆಂಗ್ಲನು 1911ರಲ್ಲಿ ಅಮೃತಶಿಲೆಗಾಗಿ ಒಂದು ವಸತಿಯನ್ನೇ ಕಟ್ಟಿಸಿದನು. ಆದರೆ ಹೆಪ್ಪುಗಟ್ಟುವ ನೀರಿನಿಂದ ಕಲ್ಲಿನೊಳಗೆ ಬಿರುಕುಗಳು ಮೂಡಿದ್ದವು. ಹೀಗಾಗಿ ಅದು ವ್ಯಾಪಾರಕ್ಕೆ ಯೋಗ್ಯವಾಗಲಿಲ್ಲ. 1960ರ ದಶಕದಿಂದ ಕೊರೆದ ತೈಲಬಾವಿಗಳಲ್ಲಿಯೂ ಲಾಭದಾಯಕ ನಿಕ್ಷೇಪ ಸಿಗಲಿಲ್ಲ.

ಗಣಿಗಾರಿಕೆಯ ಇಳಿಮುಖ

1962ರ ನವೆಂಬರ್ 5ರಂದು ನ್ಯೂ-ಓಲೆಸುಂಡ್ ಗಣಿಯಲ್ಲಿ ಸಂಭವಿಸಿದ ಸ್ಫೋಟದಲ್ಲಿ 21 ಮಂದಿ ಮೃತಪಟ್ಟರು. ಈ ದುರಂತದ ವಿಚಾರದಲ್ಲಿ 1963ರಲ್ಲಿ ನಾರ್ವೆಯ ಸಂಸತ್ತು ಅವಿಶ್ವಾಸ ಮಂಡಿಸಿದುದರಿಂದ ಪ್ರಧಾನಿ ಐನಾರ್ ಗೆರ್ಹಾರ್ಡ್‌ಸೆನ್ ಅವರ ಸರ್ಕಾರ ಉರುಳಿತು. ಮುಚ್ಚಿದ ಆ ಗಣಿಯ ಊರು ಮುಂದೆ ಅಂತರರಾಷ್ಟ್ರೀಯ ಸಂಶೋಧನಾ ಕೇಂದ್ರವಾಯಿತು. ಭಾರತದ 'ಹಿಮಾದ್ರಿ' ಕೇಂದ್ರವು 2008ರಲ್ಲಿ ಅಲ್ಲಿಯೇ ಆರಂಭವಾಯಿತು.

ಪಿರಮಿಡೆನ್ ಗಣಿಯು 1998ರಲ್ಲಿ ಮುಚ್ಚಿತು. ಲಾಂಗ್‌ಇಯರ್‌ಬ್ಯೆನ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರವು 2023ರಲ್ಲಿಯೂ, ನಾರ್ವೆಯ ಕೊನೆಯ ಕಲ್ಲಿದ್ದಲು ಗಣಿಯಾದ 'ಗಣಿ 7' 2025ರಲ್ಲಿಯೂ ಕೆಲಸ ನಿಲ್ಲಿಸಿದವು. ಇಂದು ದ್ವೀಪಸಮೂಹದ ನೆಲದ ಬಹುಭಾಗ ಸಂರಕ್ಷಿತ ಪ್ರದೇಶವಾಗಿರುವುದರಿಂದ ಹೊಸ ಗಣಿಗಳಿಗೆ ಅವಕಾಶ ಕಡಿಮೆ. ಗಣಿಗಾರಿಕೆಯ ಸ್ಥಾನವನ್ನು ಸಂಶೋಧನೆ ಮತ್ತು ಪ್ರವಾಸೋದ್ಯಮಗಳು ತುಂಬುತ್ತಿವೆ. ಪ್ರಾಚೀನ ಹವಾಮಾನದ ದಾಖಲೆಗಳಾಗಿ ಇಲ್ಲಿನ ಶಿಲೆಗಳ ಅಧ್ಯಯನ ಮುಂದುವರಿದಿದೆ.