ಉಗುರಿನ ಮೇಲಿನ ಗೆರೆ

ಬೆಳಿಗ್ಗೆ 6.40. ಮಾರ್ಕಂಡೇಶ್ವರ ಬೆಟ್ಟದ ಅರ್ಧ ಭಾಗ ಇನ್ನೂ ಮಂಜಿನೊಳಗಿದೆ. ಕೊಯ್ದ ರಾಗಿ ತೆನೆ ಹೊಲದಲ್ಲಿ ಮಲಗಿದೆ, ಅಕ್ಕಡಿ ಸಾಲಿನ ಅವರೆಯಿಂದ ಸೊಗಡು ಏಳುತ್ತಿದೆ. ಶಾಲೆಯ ಕಾಂಪೌಂಡಿನ ಮೇಲೆ ಬೂದು ಕುಂಡೆಕುಸ್ಕವೊಂದು ಬಾಲ ಕುಣಿಸುತ್ತಾ ಓಡಾಡುತ್ತಿದೆ. ಹಿಮಾಲಯದ ತೊರೆಗಳ ಬದಿ ಮರಿ ಮಾಡಿ ಚಳಿಗಾಲಕ್ಕೆ ನಮ್ಮ ಕಡೆ ಬರುವ ಹಕ್ಕಿ. ಗೇಟಿನ ಬಳಿ ಆಗಲೇ ಹನ್ನೊಂದು ಜನ ಸಾಲು ನಿಂತಿದ್ದಾರೆ. ಹಕ್ಕಿಗೆ ಅವರ ಭಯವಿಲ್ಲ.

2020ರ ಡಿಸೆಂಬರ್. 22 ಮತ್ತು 27ರಂದು ಎರಡು ಹಂತದಲ್ಲಿ ರಾಜ್ಯದ ಗ್ರಾಮ ಪಂಚಾಯಿತಿಗಳಿಗೆ ಮತದಾನ, 30ರಂದು ಎಣಿಕೆ. ಕೋಲಾರದ ನಮ್ಮ ವಕ್ಕಲೇರಿ ಅಂದರೆ ಇತಿಹಾಸ ಓದಿದವರಿಗೆ ಚಾಲುಕ್ಯ ಇಮ್ಮಡಿ ಕೀರ್ತಿವರ್ಮನ 757ರ ತಾಮ್ರಶಾಸನ ನೆನಪಾಗುತ್ತದೆ. ನನಗೆ ನೆನಪಾಗುವುದು ಕೆರೆ ಏರಿ, ಹುಣಸೆ ಮರ, ಇಪ್ಪತ್ತು ವರ್ಷದಿಂದ ಬರೆದಿಟ್ಟುಕೊಂಡ ಹಕ್ಕಿಗಳ ಲೆಕ್ಕ. ಚುನಾವಣೆಯನ್ನೂ ಹಾಗೇ ಒಂದು ಕಡೆ ಕೂತು ನೋಡೋಣ ಅಂತ ನಮ್ಮೂರಿನ ಮತದಾನದ ದಿನ ಪುಸ್ತಕ ಹಿಡಿದು ಹೊರಟೆ.

7.15. ಥರ್ಮಲ್ ಗನ್ನು ಹಣೆಗೆ ಹಿಡಿದರು, ಅಂಗೈಗೆ ಸ್ಯಾನಿಟೈಸರ್ ಹಾಕಿದರು. ಕೈ ಒಣಗಲಿ ಅಂತ ಸ್ವಲ್ಪ ತಡೆದು ಎಡಗೈ ಬೆರಳಿಗೆ ಶಾಯಿ ಗೀರಿದರು. ಹಚ್ಚಿದಾಗ ನೇರಳೆ. ಹೊರಗೆ ಬಂದು ಬಿಸಿಲಿಗೆ ಬೆರಳು ಒಡ್ಡಿ ಕೂತೆ. ಸ್ವಲ್ಪ ಹೊತ್ತಿನಲ್ಲೇ ಅಂಚು ಕಂದು ತಿರುಗಿತು, ಆಮೇಲೆ ನಡುವೆಯೂ ಕಪ್ಪಾಗುತ್ತ ಬಂತು. ಶಾಯಿಯೊಳಗಿನ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನ ಜೊತೆ ಸೇರಿ ಬೆಳಕಿಗೆ ಕಪ್ಪಾಗುತ್ತದೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ ನನ್ನ ಬೆರಳು ನೋಡಿ ಅಂದರು, ‘ಉಜ್ಜಿದ್ರೆ ಹೋಗಲ್ಲಪ್ಪ ಅದು. ಉಗುರಿನ ಜೊತೇಲೇ ಬೆಳ್ಕೊಂಡು ಹೋಗ್ಬೇಕು.’ ಆ ಮಾತಿಗೇ ಅವತ್ತು ಸಂಜೆ ಸ್ಕೇಲು ತೆಗೆದೆ. ಗೆರೆ ಉಗುರಿನ ಬುಡದಲ್ಲಿ, ಸೊನ್ನೆ ಮಿಲಿಮೀಟರ್.

ಈ ಶಾಯಿ ಮಾಡುವುದು ಮೈಸೂರಿನಲ್ಲಿ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾದದ್ದು ಈಗಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರ ಮಹಾಚುನಾವಣೆಯಿಂದ ದೇಶದ ಬೆರಳುಗಳಿಗೆ ಅದರದೇ ಗುರುತು. ಅರಗು ಅಂದರೆ ಕಾಡಿನದು. ಸಾಸಿವೆ ಕಾಳಿಗಿಂತ ಚಿಕ್ಕ ಹುಳು ಎಳೆ ಕೊಂಬೆಗೆ ಕಚ್ಚಿಕೊಂಡು ರಸ ಹೀರಿ, ತನ್ನ ಮೇಲೆ ತಾನೇ ಕೆಂಪು ಅಂಟು ಸುರಿಸಿಕೊಂಡು ಕಟ್ಟುವ ಚಿಪ್ಪು ಅದು. ಮುತ್ತುಗ, ಎಲಚಿ ಮರಗಳಲ್ಲಿ ಕೂರುತ್ತದೆ. ನಮ್ಮ ಬಯಲುಸೀಮೆಯಲ್ಲಿ ಜಾಲಾರಿ ಅದಕ್ಕೆ ಹೆಸರಾದ ಮರ. ಪಾಂಡವರಿಗೆ ಕಟ್ಟಿಸಿದ ಮನೆಯೂ ಇದರದೇ ಅಂತ ಚಿಕ್ಕಂದಿನಲ್ಲಿ ಕೇಳಿದ್ದೆವು.

ಸಂಜೆ 5ಕ್ಕೆ ಮತದಾನ ಮುಗಿಯಿತು. ಬೀದರ್ ಒಂದನ್ನು ಬಿಟ್ಟು ಎಲ್ಲ ಕಡೆ ಮತಪತ್ರ, ಮತಪೆಟ್ಟಿಗೆ. ಕಿಟಕಿಯಾಚೆ ಮೇಣದಬತ್ತಿ ಹೊತ್ತಿತು, ಪೆಟ್ಟಿಗೆಗೆ ಸೀಲು ಹಾಕುವ ಅರಗು ಕರಗಿ ತೊಟ್ಟಿಕ್ಕಿತು. ಆ ವಾಸನೆ ಕಾಂಪೌಂಡಿನವರೆಗೂ ಬಂತು. ಒಂದು ಊರಿನ ಐದು ವರ್ಷವನ್ನು ಒಂದು ಹುಳುವಿನ ಮೈಯಂಟು ಕಾಯುತ್ತದೆ ಎಂಬುದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಂಡಿತು. ಈಗಲೂ ಕಾಣುತ್ತದೆ.

ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ನಾನೂರು ಜನಸಂಖ್ಯೆಗೆ ಒಬ್ಬ ಸದಸ್ಯ, ಅರ್ಧ ಸ್ಥಾನ ಹೆಂಗಸರಿಗೆ. ಪ್ರಚಾರದ ವಾರವೆಲ್ಲ ಮನೆ ಬಾಗಿಲಲ್ಲಿ ಕೇಳಿದ ಮಾತು ನೀರು, ಬೀದಿ ದೀಪ, ಚರಂಡಿ. ನೀರು ಅಂದದ್ದು ಸರಿಯೇ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಸೀಮೆ ನಮ್ಮದು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರ ಜೂನ್‌ನಿಂದ ಕೋಲಾರದ ಕೆರೆಗಳಿಗೆ ಬರುತ್ತಿದೆ. ಬಿರುಕು ಬಿಟ್ಟಿದ್ದ ಅಂಗಳಗಳಲ್ಲಿ ನಾಮದಕೋಳಿ, ಗುಳುಮುಳುಕ, ನೀರುಕಾಗೆ ಕಂಡಾಗ ನನಗೆ ಕಣ್ಣು ತುಂಬಿತ್ತು. ಆ ನೀರನ್ನು ಮೂರನೇ ಹಂತದವರೆಗೂ ಶುದ್ಧ ಮಾಡಿ ಎಂದು ಜಿಲ್ಲೆಯ ಜನ ಕೇಳುತ್ತಿರುವುದೂ ನ್ಯಾಯವೇ, ಕುಡಿಯುವ ಬೋರ್‌ವೆಲ್ಲುಗಳು ಅದೇ ಕೆರೆಗಳ ಪಕ್ಕದಲ್ಲಿವೆ. ಆದರೆ ಬಾಗಿಲಿಗೆ ಬಂದವರು ಯಾರೂ ಏರಿ, ತೂಬು, ಕೋಡಿ, ಗುಂಡುತೋಪು ಅನ್ನಲಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಮಾಡಿ, ಊರಿನ ಗಿಡ, ಮರ, ಹಕ್ಕಿ, ಮೀನು, ಬಿತ್ತನೆ ಬೀಜ ಎಲ್ಲವನ್ನೂ ಜನರ ಬಾಯಿಂದಲೇ ಕೇಳಿ ದಾಖಲಿಸಬೇಕು. ವೋಟು ಕೇಳಲು ಇದಕ್ಕಿಂತ ಒಳ್ಳೆಯ ವಿಷಯ ಇನ್ನೊಂದಿಲ್ಲ ಅಂತ ನನ್ನ ನಂಬಿಕೆ.

ಜನವರಿ 30: ಗೆರೆ 3 ಮಿಲಿಮೀಟರ್ ಮೇಲೆ. ಚರ್ಮದ ಮೇಲಿನದು ಎಂದೋ ಹೋಗಿತ್ತು.
ಫೆಬ್ರವರಿ 28: 6.
ಮಾರ್ಚ್ 31: 9. ಕುಂಡೆಕುಸ್ಕ ಕಂಡು ಎಂಟು ದಿನವಾಯಿತು.

ಏಪ್ರಿಲ್‌ನಲ್ಲಿ ಅಶ್ವಿನಿ ಮಳೆ ಒಂದು ಹದ ಬಿದ್ದ ಮೇಲೆ, ಹೊಸದಾಗಿ ಗೆದ್ದ ಮೆಂಬರೊಬ್ಬರನ್ನು ಕೆರೆ ಏರಿಗೆ ಕರೆದೆ. ನಲವತ್ತು ದಾಟಿದ ಹೆಂಗಸು, ರೇಷ್ಮೆ ಸಾಕುವ ಮನೆ. ‘ಕಾಯ್ದೆ ಗೀಯ್ದೆ ನಂಗೊತ್ತಿಲ್ಲ ಸಾರ್’ ಅಂತಲೇ ಬಂದರು. ಏರಿ ಇಳಿದು ಹಸಿ ನೆಲಕ್ಕೆ ಕಾಲಿಟ್ಟಿದ್ದೇ ಬಗ್ಗಿದರು. ‘ಇದು ಹೊನಗೊನ್ನೆ. ಇದು ಒಂದೆಲಗ. ಅಲ್ನೋಡಿ, ಗೋಣಿ ಸೊಪ್ಪು. ಕನ್ನೆ ಸೊಪ್ಪು ಇನ್ನೂ ಎಳೇದು, ಬಿಡಿ. ಅಣ್ಣೆ ಸೊಪ್ಪು ಈಗ ಸಿಗಲ್ಲ, ರಾಗಿ ಹೊಲದಲ್ಲಿ ಬರ್ತದೆ.’ ಬೆರಕೆ ಸೊಪ್ಪಿನ ಸಾರಿಗೆ ಬೇಕಾದ ಅಷ್ಟನ್ನೂ ಉಗುರಲ್ಲೇ ಚಿವುಟಿ ಮಡಿಲಿಗೆ ಹಾಕಿಕೊಳ್ಳುತ್ತಾ ಹೆಸರು ಹೇಳುತ್ತಾ ಹೋದರು. ಹದಿನಾಲ್ಕು ಹೆಸರು ಬರೆದುಕೊಂಡೆ. ಅದರಲ್ಲಿ ಮೂರು ನಾನು ಕೇಳಿಯೇ ಇರಲಿಲ್ಲ.

‘ಇದನ್ನೆಲ್ಲ ಪಂಚಾಯ್ತಿ ಪುಸ್ತಕದಲ್ಲಿ ಬರೀಬೇಕಾ?’ ಅಂತ ಕೇಳಿದರು. ಹೌದು ಅಂದೆ. ‘ಹಂಗಾದ್ರೆ ನಮ್ಮತ್ತೇನ ಕರ್ಕೊಂಡು ಬರ್ತೀನಿ, ಅವರಿಗೆ ಇನ್ನೂ ಗೊತ್ತು.’ ಸೊಪ್ಪು ಚಿವುಟುತ್ತಿದ್ದ ಅವರ ಬೆರಳಿನ ತುದಿಯಲ್ಲೂ ಕಪ್ಪು ಗೆರೆ ಕೂದಲೆಳೆಯಷ್ಟು ಉಳಿದಿತ್ತು.